ಸ್ವಿಚ್‌ನಲ್ಲಿ ಮಾರ್ಗ ಶೋಧನೆ: ಬರೆಯದ ಕೊನೆಯ ಸಾಲು

ಕಾರ್ಖಾನೆ, ಕಚೇರಿ, ಗೋದಾಮುಗಳನ್ನು ಜೋಡಿಸುವ ಲೇಯರ್-3 ಸ್ವಿಚ್ ತನ್ನ ಮಾರ್ಗಗಳನ್ನು ನೆರೆಯ ಉಪಕರಣಗಳಿಂದ ಅರಿಯುತ್ತದೆ. ಗೋದಾಮಿನಲ್ಲಿ ಯಾರೋ ಜೋಡಿಸಿದ ರೌಟರ್ ತಪ್ಪು ಮಾರ್ಗ ಸಾರಿದರೂ, ಶೋಧನೆಯಿಲ್ಲದಿದ್ದರೆ ಅದನ್ನು ನಂಬೀತು. 2008ರ ಫೆಬ್ರವರಿ 24ರಂದು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು ಪಾಕಿಸ್ತಾನ್ ಟೆಲಿಕಾಂ ರಚಿಸಿದ ಮಾರ್ಗವು ಹೊರಕ್ಕೆ ಸೋರಿತು. ಅದಕ್ಕೆ ಸಂಪರ್ಕ ನೀಡುತ್ತಿದ್ದ ಹಾಂಗ್‌ಕಾಂಗ್‌ನ ಸಂಸ್ಥೆ ಶೋಧಿಸದೆ ಮುಂದಕ್ಕೆ ಸಾಗಿಸಿತು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ದೊರೆಯಲಿಲ್ಲ.

ಇದಕ್ಕೆ ತಡೆಯೇ ಪ್ರಿಫಿಕ್ಸ್ ಲಿಸ್ಟ್. ಅದರ ನಿಯಮಗಳನ್ನು ಸ್ವಿಚ್ ಕ್ರಮಸಂಖ್ಯೆಯಂತೆ ಓದುತ್ತದೆ. ಮೊದಲು ಹೊಂದಿದ ನಿಯಮವೇ ಅಂತಿಮ. ನಡುವೆ ಹೊಸದನ್ನು ಸೇರಿಸಲು ಅನುಕೂಲವಾಗುವಂತೆ 10, 20, 30 ಎಂದು ಸಂಖ್ಯೆ ನೀಡುವುದು ರೂಢಿ. ಪಟ್ಟಿಯ ಕೊನೆಯಲ್ಲಿ ಕಾಣದ ಸಾಲೊಂದಿರುತ್ತದೆ: ಉಳಿದುದೆಲ್ಲಕ್ಕೂ ನಿರಾಕರಣೆ. ಒಂದೇ ಮಾರ್ಗವನ್ನು ತಡೆಯಲೆಂದು ನಿರಾಕರಣೆಯ ಸಾಲನ್ನಷ್ಟೇ ಬರೆದರೆ ಎಲ್ಲ ಮಾರ್ಗಗಳೂ ಮುಚ್ಚಿ ಶಾಖೆಯ ಬಿಲ್ಲಿಂಗ್ ಸ್ತಬ್ಧವಾಗುತ್ತದೆ. ಅಂತೆಯೇ, 192.168.0.0/16ಕ್ಕೆ ಅನುಮತಿ ಎಂದರೆ ಸಾಮಾನ್ಯವಾಗಿ ಆ ಒಂದು ಮಾರ್ಗಕ್ಕೆ ಮಾತ್ರ, ಅದರೊಳಗಿನ 192.168.5.0/24 ಹೊಂದಬೇಕಾದರೆ '24ರವರೆಗೆ' ಎಂಬ ಮಿತಿಯನ್ನೂ ನಮೂದಿಸಬೇಕು. ಗುತ್ತಿಗೆದಾರರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಬದಲಾವಣೆಗೆ ಮುನ್ನ ಹಳೆಯ ಸಂರಚನೆಯ ಪ್ರತಿಯನ್ನು ಮಾಲೀಕರು ಪಡೆದಿಟ್ಟುಕೊಳ್ಳತಕ್ಕದ್ದು. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಗಳಲ್ಲಂತೂ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.