ಮಂಟಪ ಮುಳುಗ್ತಾ?

ಮಳೆಗಾಲದಲ್ಲಿ ನಂಜನಗೂಡಿನ ಮನೆಗಳಿಗೆ ಪರವೂರಿನಿಂದ ಫೋನು ಬಂದರೆ, ಊಟ ಆಯ್ತಾ ಅನ್ನುವುದಕ್ಕೂ ಮುಂಚೆ ಬರುವ ಪ್ರಶ್ನೆ ಒಂದಿದೆ: ‘ಮಂಟಪ ಮುಳುಗ್ತಾ?’ ಯಾವ ಮಂಟಪ ಎಂದು ಇಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಕಪಿಲೆಯ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪ. ಬೇಸಿಗೆಯಲ್ಲಿ ಅದರತ್ತ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಮುಡಿ ಕೊಟ್ಟು ಬಂದವರು, ಬಟ್ಟೆ ಹಿಂಡುವವರು ತಮ್ಮ ಪಾಡಿಗೆ ತಾವಿರುತ್ತಾರೆ. ಜುಲೈ ಬಂದು ಹೊಸ ನೀರು ಕೆಂಪಗೆ ಇಳಿಯಿತೆಂದರೆ ಅದೇ ಮಂಟಪ ಇಡೀ ಊರಿನ ಅಳತೆಗೋಲು. ಕಂಬದ ಬುಡ ತೋಯ್ದರೆ ನೋಡಿಕೊಂಡು ಬರಲು ಹುಡುಗರು ಓಡುತ್ತಾರೆ. ಅರ್ಧ ಕಂಬ ಮರೆಯಾದರೆ ಹಳ್ಳದಕೇರಿ, ತೋಪಿನ ಬೀದಿಯ ಮನೆಗಳಲ್ಲಿ ಅಕ್ಕಿ ಮೂಟೆ, ರೇಷನ್ ಕಾರ್ಡು ಮೇಲಕ್ಕೇರುತ್ತವೆ. ಮಂಟಪದ ತಲೆಯಷ್ಟೇ ಉಳಿದರೆ, ಮೈಸೂರು ರಸ್ತೆಯಲ್ಲಿ ಮಲ್ಲನಮೂಲೆ ಮಠದ ಹತ್ತಿರ ನೀರು ಬಂತೋ ಇಲ್ಲವೋ ಎಂದು ಬಸ್ಸಿನವರನ್ನು ವಿಚಾರಿಸಬೇಕು.

ಎಂಜಿನಿಯರುಗಳ ಭಾಷೆಯಲ್ಲಿ ಹೇಳುವುದಾದರೆ ಇದು ಮೂರು ಹಂತದ ಅಲಾರಂ. ಬ್ಯಾಟರಿ ಬೇಡ, ಸಿಗ್ನಲ್ ಬೇಡ, ಪಾಸ್‌ವರ್ಡ್ ಬೇಡ. ಕೊರತೆ ಒಂದೇ. ನೀರು ಬಂದ ಮೇಲೆ ಹೇಳುತ್ತದೆ.

ಇದನ್ನೆಲ್ಲ ಹೀಗೆ ಯೋಚಿಸಲು ಹಚ್ಚಿದ್ದು ನಮ್ಮ ನದಿಗೆ ನಂಟೇ ಇಲ್ಲದ ಒಂದು ವಸ್ತು: ಕೋಟ್ಯಧಿಪತಿಗಳ ವಿಹಾರನೌಕೆ. ಹರಿಗೋಲಿಗಿಂತ ಸ್ವಲ್ಪ ದೊಡ್ಡ ದೋಣಿ ಕಂಡರೂ ಬೆರಗಾಗುವ ಸೀಮೆಯವನು ನಾನು. ಆದರೂ ಆ ನೌಕೆಗಳ ಹೊಟ್ಟೆಯೊಳಗಿನ ಉಸ್ತುವಾರಿ ವ್ಯವಸ್ಥೆಯ ವಿಚಾರ ಓದಲು ಶುರುಮಾಡಿದವನಿಗೆ ಬೇಗ ಬಿಡಲಾಗಲಿಲ್ಲ. ಮೇಲೆ ಈಜುಕೊಳ, ಹೆಲಿಪ್ಯಾಡು, ಬಿಳಿ ಸೋಫಾ. ಕೆಳಗೆ ಸಾವಿರಾರು ಸೆನ್ಸರುಗಳು ಎಂಜಿನ್ನಿನ ಕಾವು, ಡೀಸೆಲ್ ತೊಟ್ಟಿಯ ಮಟ್ಟ, ಜನರೇಟರಿನ ಹೊರೆ, ಹೊಗೆ, ಬಾಗಿಲು ಹಾಕಿದೆಯೋ ತೆರೆದಿದೆಯೋ ಎಂಬುದನ್ನೆಲ್ಲ ಒಂದು ಪರದೆಗೆ ತಂದು ಹಾಕುತ್ತಿರುತ್ತವೆ. ಹಡಗಿನ ಒಡಲು ನಾಲ್ಕು ದಶಕ ಬಾಳಿದರೂ ಅದರೊಳಗಿನ ಕಂಪ್ಯೂಟರು ಹದಿನೈದು ವರ್ಷಕ್ಕೇ ಮುದುಕ. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರು ನಿವೃತ್ತರಾಗಿರುತ್ತಾರೆ. ಆಗ ಹಳೆಯ ತಂತಿ, ಹಳೆಯ ಸೆನ್ಸರುಗಳನ್ನು ಆದಷ್ಟು ಉಳಿಸಿಕೊಂಡು ತಲೆಯನ್ನು ಮಾತ್ರ ಬದಲಿಸುತ್ತಾರೆ.

ಅದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು.

ಒಂದನೆಯದು, ಸೊನ್ನೆಯ ವಿಷಯ. ಹಡಗಿನಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಸೆನ್ಸರು ತನ್ನ ಅಳತೆಯನ್ನು ಸಣ್ಣ ವಿದ್ಯುತ್ ಪ್ರವಾಹವಾಗಿ ಕಳಿಸುತ್ತದೆ. ತೊಟ್ಟಿ ತುಂಬಿದ್ದರೆ 20 ಮಿಲಿ ಆಂಪಿಯರ್. ಖಾಲಿಯಾಗಿದ್ದರೆ? ಸೊನ್ನೆ ಎಂದುಕೊಂಡರೆ ತಪ್ಪು. ಖಾಲಿಗೆ 4. ಯಾಕೆಂದರೆ ತಂತಿ ತುಂಡಾದರೂ ಬರುವುದು ಸೊನ್ನೆಯೇ. ‘ಏನೂ ಇಲ್ಲ’ ಎಂಬ ಸುದ್ದಿಗೂ ‘ಸುದ್ದಿಯೇ ಬರುತ್ತಿಲ್ಲ’ ಎಂಬುದಕ್ಕೂ ವ್ಯತ್ಯಾಸ ಗೊತ್ತಾಗಲೇಬೇಕೆಂದು ಯಾರೋ ಪುಣ್ಯಾತ್ಮರು ಕೆಳಗೆ ನಾಲ್ಕು ಮೆಟ್ಟಿಲು ಬಿಟ್ಟು ಲೆಕ್ಕ ಶುರುಮಾಡಿದ್ದಾರೆ. ನಮ್ಮ ಕಡೆ ಎಷ್ಟು ಅನಾಹುತಗಳು ಈ ಎರಡರ ವ್ಯತ್ಯಾಸ ತಿಳಿಯದೆ ಆಗಿವೆ!

ಎರಡನೆಯದು, ಬಿಲ್ಜ್. ಹಡಗಿನ ತೀರಾ ತಳದಲ್ಲಿ, ಹಲಗೆಗಳ ಕೆಳಗೆ, ಸೋರಿದ ನೀರೆಲ್ಲ ಬಂದು ನಿಲ್ಲುವ ಜಾಗ. ಅಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನಲ್ಲಿರುವಂಥದೇ ಒಂದು ತೇಲುಗುಂಡು. ರಾತ್ರಿ ಎರಡು ಗಂಟೆಗೆ ನೀರು ಏರಿ ಗುಂಡು ಎದ್ದಿತು ಎನ್ನಿ. ಸರದಿಯಲ್ಲಿರುವ ಎಂಜಿನಿಯರ್ ಮಲಗಿರುವ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಅವನು ಎದ್ದು ಹೋಗಿ ‘ಕೇಳಿಸಿತು’ ಎಂದು ಗುಂಡಿ ಒತ್ತಬೇಕು. ಕೆಲವು ನಿಮಿಷದಲ್ಲಿ ಒತ್ತದಿದ್ದರೆ ಉಳಿದ ಎಂಜಿನಿಯರುಗಳ ಕೋಣೆಗಳಲ್ಲೂ ಬಾರಿಸುತ್ತದೆ. ಮೇಲೆ ಚಾಲನಾ ಕೋಣೆಗೂ ಸುದ್ದಿ ಹೋಗುತ್ತದೆ. ಚಾಲನಾ ಕೋಣೆಯವರ ಮೇಲೂ ಒಂದು ಕಣ್ಣಿದೆ. 3ರಿಂದ 12 ನಿಮಿಷದೊಳಗೆ ಹಡಗಿನವರು ಗೊತ್ತುಮಾಡಿದ ಒಂದು ಅವಧಿ. ಅಷ್ಟರಲ್ಲಿ ಪಹರೆಯವನು ಅಲುಗಾಡದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಸದ್ದು, ಆಮೇಲೆ ಕ್ಯಾಪ್ಟನ್ನಿನ ಕೋಣೆಯಲ್ಲೇ ಕೂಗು. ಯಂತ್ರ ಮನುಷ್ಯನಿಗೆ ಸುದ್ದಿ ಹೇಳಿ ಸುಮ್ಮನಾಗುವುದಿಲ್ಲ. ಕೇಳಿಸಿಕೊಂಡೆಯಾ ಎಂದು ಕೇಳಿ, ಉತ್ತರ ಬರುವ ತನಕ ಬೆನ್ನು ಬಿಡುವುದಿಲ್ಲ.

ಈ ಎರಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ ಕಪಿಲೆಗೆ ಬರೋಣ.

ನೀರಿನ ಮಟ್ಟ ನೋಡಿ ತಾನಾಗಿ ತೆರೆಯುವ ಯಂತ್ರ ನಮಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಕೂತವು. ಅದೇ ಬಗೆಯ ಗೇಟುಗಳು ಮುಂದೆ ನಮ್ಮ ಕೆಆರ್‌ಎಸ್‌ಗೂ ಬಂದವು. ಮೋಟಾರಿಲ್ಲ, ಕರೆಂಟಿಲ್ಲ. ಏರಿದ ನೀರಿನ ಭಾರವೇ ತೂಕದ ಕಲ್ಲಿನ ಸಮತೋಲ ತಪ್ಪಿಸಿ ಗೇಟು ಎತ್ತುತ್ತದೆ, ನೀರು ಇಳಿದರೆ ಗೇಟೂ ಇಳಿಯುತ್ತದೆ. ಸೆನ್ಸರು, ಕಂಪ್ಯೂಟರು, ಮೋಟಾರು ಮೂರರ ಕೆಲಸವನ್ನೂ ನೀರೊಂದೇ ಮಾಡುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅಣೆಕಟ್ಟುಗಳ ಪುನಶ್ಚೇತನ ಯೋಜನೆಯಡಿ ಕೆಆರ್‌ಎಸ್‌ನ ಹಳೆಯ ಗೇಟುಗಳನ್ನು ಬದಲಿಸಿದರು. ಅತ್ತ ಯಾದಗಿರಿ ಸೀಮೆಯ ನಾರಾಯಣಪುರ ಎಡದಂಡೆ ನಾಲೆಯಲ್ಲಿ ಗೇಟುಗಳನ್ನು ದೂರದ ಕೋಣೆಯಲ್ಲಿ ಕೂತು ಪರದೆಯ ಮೇಲೆ ನೋಡಿ ಎತ್ತಿ ಇಳಿಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ಆ ನಾಲೆಯ ಆಧುನೀಕರಣದ ಯೋಜನೆ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಒಂದು ಕಾಲದಲ್ಲಿ ಸೌಡಿ ಗುದ್ದಲಿ ಹೊತ್ತು ನಾಲೆಯ ಏರಿಯ ಮೇಲೆ ನಡೆದು ಮಾಡುತ್ತಿದ್ದ ಕೆಲಸ ಅದು. ಸೌಡಿಯ ಜತೆ ಜಗಳವಾಡಬಹುದಿತ್ತು, ಒಂದು ಲೋಟ ಕಾಫಿ ಕೊಟ್ಟು ಇನ್ನೊಂದು ಗೇಣು ಎತ್ತಿಸಿಕೊಳ್ಳಬಹುದಿತ್ತು. ಪರದೆಯ ಜತೆ ಆಗದು. ಕೊನೆಯ ಜಮೀನಿನವನಿಗೆ ಅದು ಒಳ್ಳೆಯದೇ, ಬಿಡಿ.

ಕೆಆರ್‌ಎಸ್ ಸಮಾಧಾನದ ಆನೆಯಾದರೆ, ಕಪಿಲೆಯ ಇನ್ನೊಂದು ಹೆಸರನ್ನೇ ಹೊತ್ತ ಕಬಿನಿ ಹುರುಪಿನ ಹೋರಿ. ಎಚ್‌.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಈ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಕೆಆರ್‌ಎಸ್‌ನದು 49.45. ಆದರೆ ಕಬಿನಿಯ ತಲೆಯ ಮೇಲೆ ಇರುವುದು ವಯನಾಡಿನ ಮಳೆ. ಒಂದು ಲೆಕ್ಕ ಮಾಡಿ: 80 ಸಾವಿರ ಕ್ಯೂಸೆಕ್ ಒಳಹರಿವು ಒಂದಿಡೀ ದಿನ ಬಂದರೆ ಸುಮಾರು 7 ಟಿಎಂಸಿ. ಬರಿದಾದ ಕೆಆರ್‌ಎಸ್ ಅಷ್ಟು ನೀರಿನಲ್ಲಿ ತುಂಬಲು ಒಂದು ವಾರ ಬೇಕು. ಬರಿದಾದ ಕಬಿನಿಗೆ ಮೂರು ದಿನವೂ ಬೇಡ. ಆಗಸ್ಟಿನಲ್ಲಂತೂ ಅದು ಬರಿದಾಗಿರುವುದೇ ಇಲ್ಲ. ಮಳೆ ಬರುತ್ತದೆಂದು ಮುಂಚೆಯೇ ಖಾಲಿ ಮಾಡಿಟ್ಟುಕೊಂಡು, ಮಳೆ ಕೈಕೊಟ್ಟರೆ ಅಚ್ಚುಕಟ್ಟಿನ ರೈತರಿಗೆ ಏನು ಹೇಳುವುದು? ಹಾಗಾಗಿ ಒಳಹರಿವು ಏರಿದ ಹಾಗೆ ಹೊರಹರಿವೂ ಏರಬೇಕು. 2019ರ ಆಗಸ್ಟಿನಲ್ಲಿ ಅದು ಲಕ್ಷ ಕ್ಯೂಸೆಕ್ ದಾಟಿತು. 2018ರಲ್ಲಿ, ಮತ್ತೆ 2024ರಲ್ಲಿ ವಯನಾಡಿನ ಗುಡ್ಡ ಕುಸಿದ ಆ ವಾರದಲ್ಲಿ, ನಂಜನಗೂಡಿನ ತಗ್ಗು ಬೀದಿಗಳು ನೀರು ಕಂಡವು. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಸೇತುವೆ ಇದಕ್ಕೂ ಮುಂಚಿನ ಎಷ್ಟೋ ಪ್ರವಾಹಗಳಿಗೆ ಸಾಕ್ಷಿ. ಅದರ ಕಾಲದಲ್ಲಿ ಮೇಲೆ ಅಣೆಕಟ್ಟೂ ಇರಲಿಲ್ಲ, ಯಾರನ್ನೂ ಬೈಯುವ ಹಾಗೂ ಇರಲಿಲ್ಲ.

ನಂಜನಗೂಡು ದಾಟಿದ ಕಪಿಲೆ ಸುತ್ತೂರಿನ ಮಗ್ಗುಲಲ್ಲಿ ಹಾದು ತಿರುಮಕೂಡಲಿಗೆ ಬರುತ್ತಾಳೆ. ತಿ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಎದುರು, ಅಗಸ್ತ್ಯೇಶ್ವರನ ಪಕ್ಕ, ಕಾವೇರಿಯನ್ನು ಸೇರುತ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಜಾಗ. 2025ರ ಫೆಬ್ರವರಿಯಲ್ಲೂ ನಡೆಯಿತು. ಫೆಬ್ರವರಿಯ ನದಿ ಸಾಧು ಹಸು. ಆಗಸ್ಟಿನಲ್ಲಿ ಇಲ್ಲಿ ಸೇರುವುದು ನದಿಗಳಷ್ಟೇ ಅಲ್ಲ, ಎರಡು ಅಣೆಕಟ್ಟುಗಳ ತೀರ್ಮಾನಗಳು. ಅಲ್ಲಿ ಬೀಚನಹಳ್ಳಿಯಲ್ಲಿ ಒಬ್ಬರು ಗೇಟು ಎತ್ತಿದ್ದು, ಇಲ್ಲಿ ಕೆಆರ್‌ಎಸ್‌ನಲ್ಲಿ ಇನ್ನೊಬ್ಬರು ಎತ್ತಿದ್ದು, ಎರಡೂ ಕೂಡಿ ಕೆಳಗಿನ ತಲಕಾಡು, ಹೆಮ್ಮಿಗೆ ಕಡೆಗೆ ಹೊರಡುವುದು ಇಲ್ಲಿಂದ. ಸಂಗಮದಲ್ಲಿ ಕಣ್ಣಿಗೆ ಕಾಣದ ಮೂರನೆಯದೊಂದು ಇದೆ, ಸ್ಫಟಿಕ ಸರೋವರ, ಅದರಿಂದಲೇ ಇದು ತ್ರಿವೇಣಿ ಎಂದು ಹಿರಿಯರು ಹೇಳುತ್ತಾರೆ. ಈ ಕಾಲದ ಗುಪ್ತಗಾಮಿನಿ ಯಾವುದು ಎಂದರೆ ಮಾಹಿತಿ ಎನ್ನಬೇಕಾಗುತ್ತದೆ. ಕೇಂದ್ರ ಜಲ ಆಯೋಗ ಕಬಿನಿಯನ್ನು ವಯನಾಡಿನ ಮುತ್ತಂಕರದಲ್ಲೂ ತಿ. ನರಸೀಪುರದಲ್ಲೂ ಅಳೆಯುತ್ತದೆ, ಜಲಾಶಯದ ಮೇಲೊಂದು ಕಣ್ಣು, ಕೆಳಗೊಂದು.

ಮಟ್ಟ ಅಳೆಯುವ ಹಳೆಯ ಕ್ರಮ ನೋಡಲು ಚೆನ್ನ. ದಂಡೆಯಿಂದ ನೀರಿನ ತನಕ ಸಾಲಾಗಿ ನೆಟ್ಟ ಗೇಜು ಕಂಬಗಳು, ಅವುಗಳ ಮೇಲೆ ಮೀಟರಿನ ಗೆರೆ. ಒಬ್ಬರು ಇಳಿದು ಹೋಗಿ, ಅಲೆ ಏರಿಳಿಯುವುದರ ನಡುವಿನ ಅಂಕಿ ಹಿಡಿದು ಪುಸ್ತಕದಲ್ಲಿ ಬರೆಯಬೇಕು. ಪ್ರವಾಹವಿದ್ದರೆ ಗಂಟೆಗೊಮ್ಮೆ, ಮಧ್ಯರಾತ್ರಿ ಟಾರ್ಚು ಹಿಡಿದು. ಹೊಸ ಕ್ರಮದಲ್ಲಿ ಸೇತುವೆಗೆ ಚಾಚಿದ ಕಬ್ಬಿಣದ ತೋಳಿನ ತುದಿಯಲ್ಲಿ ಒಂದು ರೇಡಾರು. ಅದು ಕೆಳಗೆ ನೀರಿನತ್ತ ಅಲೆ ಬಿಟ್ಟು, ಅದು ಮರಳಿ ಬರುವ ಹೊತ್ತು ಎಣಿಸಿ ಮಟ್ಟ ಲೆಕ್ಕ ಹಾಕುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಬ್ಯಾಟರಿ, ಮೇಲೆ ಸೋಲಾರ್ ಫಲಕ, ಅಲ್ಲಿಂದ ಉಪಗ್ರಹಕ್ಕೆ. ಗೇಜು ಕಂಬ ಓದುವ ಪದ್ಧತಿ ಹಾಗೆಂದು ನಿಂತಿಲ್ಲ. ಎರಡೂ ಅಂಕಿ ತಾಳೆಯಾಗುತ್ತಿರಬೇಕು. ಜೇಡ ಬಲೆ ಕಟ್ಟಿದರೂ, ತೇಲಿಬಂದ ಕಸ ಕೆಳಗೆ ನಿಂತರೂ ರೇಡಾರು ತಪ್ಪು ಹೇಳೀತು. ಟಾರ್ಚಿನವರು ಜೇಡಕ್ಕೆ ಮೋಸ ಹೋಗುವುದಿಲ್ಲ.

ಪರದೆ ಎಷ್ಟೇ ಹೊಸದಾಗಲಿ, ಕೊನೆಗೆ ಭಾರ ಹೊರುವುದು ಕಬ್ಬಿಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ರೈತರ ನೀರನ್ನು ನದಿಗೆ ಬಿಡಬೇಕಾಯಿತು. ಒಂದು ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡದವರು ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ ಇಳಿಸಿ ಬಾಯಿ ಮುಚ್ಚಿದ್ದನ್ನು ನಾಡೇ ಟಿವಿಯಲ್ಲಿ ನೋಡಿತು.

ಈಗ ಜೇಬಿನಲ್ಲಿಟ್ಟದ್ದನ್ನು ತೆಗೆಯೋಣ. ಅಳೆಯುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ‘ವರುಣ ಮಿತ್ರ’ಕ್ಕೆ ಫೋನು ಮಾಡಿ ರೈತರು ಮಳೆ ವಿಚಾರಿಸುತ್ತಾರೆ. ಕೇಂದ್ರ ಜಲ ಆಯೋಗ 2023ರ ಆಗಸ್ಟಿನಲ್ಲಿ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ ತಂದಿತು. ಅದು ಬಿಡುಗಡೆಯಾದಾಗ ಮಾತಾಡುತ್ತಿದ್ದುದು ಇಂಗ್ಲಿಷು, ಹಿಂದಿ ಎರಡೇ. ತೋಪಿನ ಬೀದಿಯ ಅಜ್ಜಿಗೆ ಎರಡೂ ಒಂದೇ. ಅದೇ ವರ್ಷ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿದ್ದು ನೆನಪಿರಬಹುದು, ತುರ್ತು ಎಚ್ಚರಿಕೆಯ ಪರೀಕ್ಷೆ. ಅಂದು ಬಸ್ಸಿನಲ್ಲಿದ್ದ ನಾವೆಲ್ಲ ಪರಸ್ಪರ ಮುಖ ನೋಡಿಕೊಂಡು ನಕ್ಕು ಫೋನು ಒಳಗಿಟ್ಟೆವು. ಸದ್ದು ಬಂದದ್ದು ಗೊತ್ತಾಯಿತು. ನಮಗೆ ಗೊತ್ತಾಯಿತೆಂದು ಕಳಿಸಿದವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ನನ್ನ ತಕರಾರು ಇರುವುದು ಅಲ್ಲಿ. ಅಣೆಕಟ್ಟಿನಿಂದ ಸುದ್ದಿ ಕೆಳಗಿಳಿಯುತ್ತದೆ. ತಾಲ್ಲೂಕು ಕಚೇರಿ, ಪಂಚಾಯಿತಿ, ಆಟೋದ ಮೈಕು, ಹಿಂದೆ ತಮಟೆ, ಈಗ ವಾಟ್ಸ್‌ಆ್ಯಪ್. ಪ್ರತಿ ಮೆಟ್ಟಿಲಲ್ಲೂ ‘ಕಳಿಸಲಾಗಿದೆ’ ಎಂದು ಬರೆದುಕೊಳ್ಳುತ್ತಾರೆ. ‘ಕೇಳಿಸಿತು’ ಎಂಬ ಗುಂಡಿ ಯಾವ ಮೆಟ್ಟಿಲಲ್ಲೂ ಇಲ್ಲ. ಹಳ್ಳದಕೇರಿ ಸುಮ್ಮನಿದೆ ಎಂದರೆ ಎಲ್ಲರೂ ಮೇಲಕ್ಕೆ ಹೋಗಿದ್ದಾರೆಂದೋ, ಮೈಕು ಆ ಬೀದಿಗೆ ಬರಲೇ ಇಲ್ಲವೆಂದೋ? ಸೊನ್ನೆಯೋ, ನಾಲ್ಕೋ? ಹತ್ತು ಜನ ಶ್ರೀಮಂತರು ತೇಲುವ ದೋಣಿಗೆ ಇರುವ ಸವಲತ್ತು ಒಂದು ಊರಿಗೂ ಇರಬೇಕು ಎಂದರೆ ದೊಡ್ಡ ಮಾತಾಗುವುದಿಲ್ಲ. ಬೀದಿಗೊಬ್ಬರು ಅಂಗಡಿಯವರೋ ಆಶಾ ಕಾರ್ಯಕರ್ತೆಯೋ ತಿರುಗಿ ಒಂದು ಮಿಸ್ಡ್ ಕಾಲ್ ಕೊಟ್ಟರೂ ನಡೆದೀತು.

2019ರ ಆಗಸ್ಟಿನ ಒಂದು ರಾತ್ರಿ. ಕರೆಂಟು ಹೋಗಿ ನನ್ನ ಫೋನು ಸತ್ತಿತ್ತು. ಬೆಂಗಳೂರಿನಲ್ಲಿರುವ ದೊಡ್ಡಮ್ಮ ಮೂರು ಸಲ ಮಾಡಿದರಂತೆ. ಆಮೇಲೆ ಪಕ್ಕದ ಮನೆಗೆ ಮಾಡಿದರು, ಅವರೂ ಎತ್ತಲಿಲ್ಲ. ಕಡೆಗೆ ಬೀದಿ ಮೂಲೆಯ ಹೂವಿನ ಅಂಗಡಿಯವನ ನಂಬರು ಎಲ್ಲಿಂದಲೋ ಸಂಪಾದಿಸಿದರು. ಹನ್ನೊಂದೂವರೆಗೆ ಆತ ಛತ್ರಿ ಹಿಡಿದು ಬಂದು ಬಾಗಿಲು ಬಡಿದ. ಫೋನು ನನ್ನ ಕೈಗಿತ್ತು, ‘ನಿಮ್ಮ ದೊಡ್ಡಮ್ಮ ಕಣಣ್ಣ, ಬಿಡ್ತಾನೇ ಇಲ್ಲ’ ಅಂದ.

‘ಮಂಟಪ ಮುಳುಗ್ತೇನೋ?’

‘ಮುಳುಗ್ತು ದೊಡ್ಡಮ್ಮ. ನಮ್ಮ ಬೀದಿಗೆ ಬಂದಿಲ್ಲ. ಸಾಮಾನೆಲ್ಲ ಅಟ್ಟಕ್ಕೆ ಹಾಕಿದೀವಿ.’

‘ಸರಿ, ಇನ್ನು ನಾನು ಮಲಗ್ತೀನಿ’ ಅಂದು ಫೋನಿಟ್ಟರು.