ಮಿತವ್ಯಯದಲ್ಲಿ ಊಟದ ಮನೆ

ಗೃಹಸ್ಥರ ಮನೆಯಲ್ಲಿ ದೇವರ ಕೋಣೆಗೆ ಸಲ್ಲುವ ಗೌರವ ಊಟದ ಮನೆಗೂ ಸಲ್ಲಬೇಕು. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಜೊತೆಗೇ ದಾಸೋಹವನ್ನಿರಿಸಿದರು; ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಸಮತೆಯ ಪಾಠವಾಗಿಸಿದರು. ಆದರೆ ಇಂದು ಅನೇಕ ಮನೆಗಳಲ್ಲಿ ನಾವು ಕಾಣುವುದೇನು? ಯಜಮಾನರ ಊಟ ಪಡಸಾಲೆಯಲ್ಲಿ, ಮಕ್ಕಳದು ಟಿ.ವಿ.ಯ ಮುಂದೆ, ಮಂಡಿನೋವಿನ ಅಜ್ಜಿಯದು ಮಂಚದ ಅಂಚಿನಲ್ಲಿ. ಎಲ್ಲರಿಗೂ ಬಡಿಸಿದ ಸೊಸೆ ಕೊನೆಗೆ ಒಲೆಯ ಬದಿಯಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಅಡಿಗೆ ಒಂದು, ಊಟ ನಾಲ್ಕು ಕಡೆ. ಇದಕ್ಕೆ ಮನಸ್ಸಿನ ಕೊರತೆಗಿಂತ ಅಣಿಯಾದ ಸ್ಥಳದ ಕೊರತೆಯೇ ಎಷ್ಟೋ ಬಾರಿ ಕಾರಣ. ಆ ಕೊರತೆಯನ್ನು ಸಾಲಸೋಲವಿಲ್ಲದೆ ನೀಗಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಮೊದಲು ನೀರು, ಆಮೇಲೆ ಮೇಜು

ಅಂಕೋಲೆಯ ಸಮೀಪದ ಕಡಲತಡಿಯ ಗ್ರಾಮವಾದ ಕೇಣಿಯ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೊಂದು ಜಗಲಿ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. 1930ರ ಉಪ್ಪಿನ ಸತ್ಯಾಗ್ರಹದಿಂದ ಅಂಕೋಲೆಗೆ ಕೀರ್ತಿ ತಂದ ಉಪ್ಪೇ ಇಲ್ಲಿಯ ಗಾಳಿಯಲ್ಲಿ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಹಣದ ಮೊದಲ ಪಾಲು ಸಲ್ಲಬೇಕಾದದ್ದು ಮಾಡಿಗೆ. ಒಡೆದ ಹಂಚುಗಳನ್ನು ಬದಲಿಸಿ, ಲಡ್ಡಾದ ಪಕಾಸು, ರೀಪುಗಳನ್ನು ಮಳೆಗಾಲಕ್ಕೆ ಮೊದಲೇ ಸರಿಪಡಿಸಬೇಕು. ಮಂಗಳೂರು ಹಂಚಿನ ದೊಡ್ಡ ಗುಣವೆಂದರೆ ಒಡೆದದ್ದೊಂದನ್ನೇ ತೆಗೆದು ಹೊಸದನ್ನು ಹೊಂದಿಸಬಹುದು. ಎರಡು ಗಾಜಿನ ಹಂಚುಗಳನ್ನು ಕೂಡಿಸಿದರೆ ಹಗಲಿನಲ್ಲಿ ದೀಪದ ಹಂಗೇ ಇಲ್ಲ.

ಚಿರೇಕಲ್ಲು ನೆಲದಿಂದ ಕಡಿದಾಗ ಮೆದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿ. ಆದರೂ ಅದು ರಂಧ್ರಗಳುಳ್ಳ ಕಲ್ಲು, ತೇವವನ್ನು ಹೀರುತ್ತದೆ. ಅಂತಹ ಗೋಡೆಗೆ ದುಬಾರಿ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾಗದೆ ಬಣ್ಣ ಗುಳ್ಳೆಗಟ್ಟಿ ಉದುರುತ್ತದೆ. ಹಿರಿಯರು ಬಳಿಯುತ್ತಿದ್ದ ಸುಣ್ಣವೇ ಇಲ್ಲಿ ಲೇಸು. ಗೋಡೆ ಉಸಿರಾಡುತ್ತದೆ, ವೆಚ್ಚವೂ ಸ್ವಲ್ಪ. ಗಾರೆಗೆ ಕಡಲಿನ ಮರಳನ್ನು ಮಾತ್ರ ಬಳಸಲಾಗದು. ಅದರ ಉಪ್ಪು ಗೋಡೆಯನ್ನು ಸದಾ ತೇವವಾಗಿರಿಸುತ್ತದೆ.

ನೆಲಕ್ಕೆ ಕೆಂಪು ಆಕ್ಸೈಡ್ ಬೆರೆಸಿದ ಸಿಮೆಂಟು ಕಡಿಮೆ ವೆಚ್ಚದ್ದು, ತಂಪಾದದ್ದು. ಹಾಕಿದ ಮೇಲೆ ಕನಿಷ್ಠ 7 ದಿನ ನೀರುಣಿಸದಿದ್ದರೆ ಬಿರುಕು ಬಿಡುವುದುಂಟು. ಉತ್ತರದ ಜಿಲ್ಲೆಗಳ ಬಂಧುಗಳಿಗೆ ಶಹಾಬಾದಿನ ಫರಸಿ ಇದ್ದೇ ಇದೆ.

ಅಳತೆಯ ವಿವೇಕ

ಅಂಗಡಿಗೆ ಹೋಗುವ ಮುನ್ನ ಕೋಣೆಯನ್ನು ಅಳೆಯಬೇಕು. ಒಬ್ಬರು ನಿರಾಳವಾಗಿ ಉಣ್ಣಲು ಮೇಜಿನ ಅಂಚಿನಲ್ಲಿ 2 ಅಡಿ ಬೇಕು. ಬದಿಗೆ ಮೂವರಂತೆ ಆರು ಜನರಿಗೆ 6 ಅಡಿ ಉದ್ದ, 2½ ಅಡಿ ಅಗಲದ ಮೇಜು ಸಾಕು. ಮೇಜಿನ ಎತ್ತರ 2½ ಅಡಿ, ಕುರ್ಚಿಯದು 1½ ಅಡಿ. ಕುರ್ಚಿಯನ್ನು ಹಿಂದಕ್ಕೆಳೆದು ಕುಳಿತವರ ಹಿಂದೆ ಬಡಿಸುವವರು ನಡೆಯಲು 3 ಅಡಿ ಬೇಕು. ಎರಡೂ ಬದಿಗೆ ಕುರ್ಚಿಯಿಟ್ಟರೆ ಕೋಣೆಯ ಅಗಲ 8½ ಅಡಿಯಾದರೂ ಇರಬೇಕಾಯಿತು. ಒಂದು ಬದಿಯಲ್ಲಿ ಗೋಡೆಗೆ ತಾಗಿಸಿ 1½ ಅಡಿಯ ಬೆಂಚು ಹಾಕಿದರೆ 7 ಅಡಿಯಲ್ಲೇ ಕೆಲಸ ಸಾಗುತ್ತದೆ. ಮೂರು ಕುರ್ಚಿಗಳ ಹಣವೂ ಉಳಿಯುತ್ತದೆ.

ಮೇಜಿಗೆ ಹಳೆಯ ಬಾಗಿಲು, ತೊಲೆಗಳ ಹಲಸು ಅಥವಾ ತೇಗವನ್ನು ಬಡಗಿಯಿಂದ ಹೆರೆಸಿ ಬಳಸಬಹುದು. ಮರದ ಹೊಟ್ಟನ್ನು ಒತ್ತಿ ಮಾಡಿದ ಅಗ್ಗದ ಹಲಗೆ ಕರಾವಳಿಯ ಮಳೆಗಾಲದಲ್ಲಿ ಉಬ್ಬಿ ಹಾಳಾಗುತ್ತದೆ. ಪ್ಲೈವುಡ್ಡೇ ಬೇಕಾದರೆ ಐ.ಎಸ್. 710 ಗುರುತಿನದನ್ನು ಕೇಳಿ ಕೊಳ್ಳಬೇಕು. ತಿರುಪುಗಳು ಹಿತ್ತಾಳೆಯವೋ ಸ್ಟೀಲಿನವೋ ಆಗಿರಲಿ. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಯಿಟ್ಟರೆ ತೇವ ತಾಗದು, ಗೆದ್ದಲು ಬಂದರೆ ಕಣ್ಣಿಗೆ ಬೀಳುತ್ತದೆ.

ಮೇಜು ಬಿಚ್ಚಿ ಜೋಡಿಸುವಂತಿರಲಿ. ಇದಕ್ಕೆ ಎರಡು ಕಾರಣಗಳುಂಟು. ಹಬ್ಬಹರಿದಿನಗಳಲ್ಲಿ ಅದನ್ನು ಜಗಲಿಗೆ ಸಾಗಿಸಿದರೆ 10 ಅಡಿ ಉದ್ದಗಲದ ಕೋಣೆಯಲ್ಲಿ ಎದುರುಬದುರಾಗಿ ಐವರಂತೆ ಹತ್ತು ಜನರ ಪಂಕ್ತಿ ಕುಳಿತೀತು, ನಡುವೆ ಬಡಿಸುವವರಿಗೆ ದಾರಿಯೂ ಉಳಿದೀತು. ಎರಡನೆಯದು ಕೇಣಿಯವರ ಮನಸ್ಸಿನಲ್ಲಿರುವ ಕಾರಣ. ಅಲ್ಲಿ ವಾಣಿಜ್ಯ ಬಂದರು ನಿರ್ಮಿಸುವ ಹೊಣೆಯನ್ನು 2023ರಲ್ಲಿ ಖಾಸಗಿ ಸಂಸ್ಥೆಗೆ ವಹಿಸಲಾಯಿತು. ನೆಲೆ ಮತ್ತು ಕಸುಬಿನ ಚಿಂತೆಯಿಂದ ಮೀನುಗಾರ ಕುಟುಂಬಗಳು ಅದನ್ನು ವಿರೋಧಿಸಿದವು. ನಾಳೆಯ ನೆಲೆ ಪ್ರಶ್ನೆಯಾಗಿರುವಲ್ಲಿ ಗೋಡೆಗೆ ಕಟ್ಟುವುದಕ್ಕಿಂತ, ಹೊತ್ತುಕೊಂಡು ಹೋಗಬಹುದಾದ ವಸ್ತುವಿಗೆ ಹಣ ಹಾಕುವುದು ವಿವೇಕ.

ಬಡಿಸುವವರ ಆಸನ

ಕೊನೆಯದಾಗಿ, ಖರ್ಚಿಲ್ಲದ ಒಂದು ಸುಧಾರಣೆ. ಆಸನಗಳನ್ನು ಎಣಿಸುವಾಗ ಬಡಿಸುವವರನ್ನು ಮೊದಲು ಎಣಿಸಬೇಕು. ಐವರಿರುವ ಮನೆಗೆ ನಾಲ್ಕು ಆಸನ ತಂದರೆ ಯಾರು ನಿಲ್ಲುವರೆಂಬುದನ್ನು ಆ ದಿನವೇ ತೀರ್ಮಾನಿಸಿದಂತಾಯಿತು. ಅನ್ನ, ಸಾರು, ಪಲ್ಯ, ನೀರಿನ ತಂಬಿಗೆ ಎಲ್ಲವನ್ನೂ ಮೇಜಿನ ನಡುವೆ ಇರಿಸಿ ಒಬ್ಬರಿಗೊಬ್ಬರು ನೀಡಿಕೊಂಡರೆ ತಾಯಿಯೂ ಸೊಸೆಯೂ ಬಿಸಿ ಅನ್ನವನ್ನೇ ಉಣ್ಣುವರು. ಮಂಡಿನೋವಿನ ಹಿರಿಯರಿಗೆ ಕೈಯಿರುವ ಕುರ್ಚಿಯೊಂದನ್ನು ಬಾಗಿಲ ಬಳಿ ಮೀಸಲಿಡಬೇಕು. ಕೈಯೂರಿ ಏಳಲು ಅದು ಆಸರೆ. ಕೈತೊಳೆಯುವ ನೀರು ಹಿತ್ತಲಿನ ಬಾಳೆಗೆ ಹರಿಯಲಿ. ಟಿ.ವಿ.ಯೂ ಮೊಬೈಲೂ ಹೊರಗಿರಲಿ.

ದಾಸೋಹವು ಮಠದ ಹಜಾರದಲ್ಲಷ್ಟೇ ನಡೆಯುವಂಥದಲ್ಲ. ಮನೆಯಲ್ಲಿ ದುಡಿಯುವ ಕೈಗೆ ಮೊದಲ ತುತ್ತು ದೊರೆಯುವಲ್ಲಿಂದಲೇ ಅದು ಆರಂಭವಾಗುತ್ತದೆ. ಮಾಡು ಸೋರದ, ಯಾರೊಬ್ಬರೂ ನಿಂತು ಉಣ್ಣದ ಊಟದ ಮನೆ ಪ್ರತಿಯೊಂದು ಕುಟುಂಬಕ್ಕೂ ದೊರೆಯಲೆಂದು ಹಾರೈಸುತ್ತೇವೆ.