ಕೆಲಸದ ಗಂಟೆಗಳ ಲೆಕ್ಕ: ತಂತ್ರಾಂಶದ ಸ್ಥಾಪನೆ ಮತ್ತು ವಿಸರ್ಜನೆ

ಸರಕಿನ ಲೆಕ್ಕವನ್ನು ಪೈಸೆಯವರೆಗೆ ಇಡುವ ಸಣ್ಣ ಉದ್ಯಮಿಗಳು ಸಮಯದ ಲೆಕ್ಕವನ್ನು ಮಾತ್ರ ಅಂದಾಜಿಗೆ ಬಿಡುವುದುಂಟು. ಉದಾಹರಣೆಗೆ, ಒಂದು ಅಚ್ಚಿನ ವಿನ್ಯಾಸಕ್ಕೆ 12 ಗಂಟೆಯೆಂದು ದರಪಟ್ಟಿ ಕೊಟ್ಟು, ವಾಸ್ತವವಾಗಿ 17 ಗಂಟೆ ವ್ಯಯವಾಯಿತೆನ್ನೋಣ. ಗಂಟೆಗೆ ರೂ. 400ರಂತೆ ರೂ. 2,000 ಕೈಬಿಟ್ಟುಹೋಗುತ್ತದೆ, ದಾಖಲೆ ಇಲ್ಲದಿದ್ದರೆ ಹೋದದ್ದೂ ತಿಳಿಯುವುದಿಲ್ಲ.

ಈ ಕೊರತೆಯನ್ನು ನೀಗಿಸಬಲ್ಲ ಉಚಿತ ತಂತ್ರಾಂಶಗಳಲ್ಲಿ 2016ರಲ್ಲಿ ಮೊದಲು ಬಿಡುಗಡೆಯಾದ ಟೈಮ್‌ವಾರಿಯರ್ ಒಂದು. ಇದಕ್ಕೆ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಟರ್ಮಿನಲ್ ಎಂಬ ಕಿಟಕಿಯಲ್ಲಿ ಆದೇಶಗಳನ್ನು ಟೈಪು ಮಾಡಬೇಕು. ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರುವ ಗಣಕಗಳಿಗೆ ಅನ್ವಯಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಆದೇಶಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು.

ಸ್ಥಾಪನೆ

ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಎಂಬ ಆದೇಶದಿಂದ ತಂತ್ರಾಂಶಗಳ ಪಟ್ಟಿಯನ್ನು ನವೀಕರಿಸಿ, ಅನಂತರ ‘ಸುಡೊ ಆಪ್ಟ್ ಇನ್‌ಸ್ಟಾಲ್ ಟೈಮ್‌ವಾರಿಯರ್’ ಎಂದು ಟೈಪು ಮಾಡಬೇಕು. ‘ಸುಡೊ’ ಎಂಬುದು ಗಣಕದ ಮೇಲ್ವಿಚಾರಕನ ಅಧಿಕಾರವನ್ನು ಬಳಸುವ ಪದವಾದ್ದರಿಂದ ಗುಪ್ತಪದ ಕೇಳುತ್ತದೆ.

ಬಳಸುವಾಗಿನ ಆದೇಶಪದ ‘ಟೈಮ್‌ಡಬ್ಲ್ಯೂ’, ಅಂದರೆ ಟೈಮ್ ಎಂಬ ಪದದ ಕೊನೆಗೆ ಡಬ್ಲ್ಯೂ ಅಕ್ಷರ. ಇದರ ಮುಂದೆ ‘ಸ್ಟಾರ್ಟ್’ ಮತ್ತು ಕೆಲಸದ ಹೆಸರು ಬರೆದರೆ ಗಡಿಯಾರ ಆರಂಭವಾಗುತ್ತದೆ. ‘ಸ್ಟಾಪ್’ ಎಂದರೆ ನಿಲ್ಲುತ್ತದೆ. ‘ಸಮರಿ :ಮಂತ್’ ಎಂದು ಬರೆದರೆ ತಿಂಗಳ ಗೋಷ್ವಾರೆ ದೊರೆಯುತ್ತದೆ. ನಿಲ್ಲಿಸಲು ಮರೆತರೆ ಊಟದ ವೇಳೆಯೂ ಲೆಕ್ಕಕ್ಕೆ ಸೇರುವುದೆಂಬುದನ್ನು ಸಿಬ್ಬಂದಿಗೆ ತಿಳಿಸಬೇಕು.

ದಾಖಲೆ ಇರುವ ಸ್ಥಳ

ಮುಖ್ಯ ವಿಷಯ ಇಲ್ಲಿದೆ. ತಂತ್ರಾಂಶ ಬೇರೆ, ಅದು ಬರೆದಿಟ್ಟ ದಾಖಲೆ ಬೇರೆ. ದಾಖಲೆಯು ಆಯಾ ಬಳಕೆದಾರನ ಸ್ವಂತ ಕಡತಕೋಶದೊಳಗೆ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಉಪಕೋಶದಲ್ಲಿ, ತಿಂಗಳಿಗೊಂದು ಕಡತದಂತೆ ಇರುತ್ತದೆ. ಆವೃತ್ತಿಗೆ ತಕ್ಕಂತೆ ಸ್ಥಳ ವ್ಯತ್ಯಾಸವಾಗುವುದರಿಂದ ‘ಟೈಮ್‌ಡಬ್ಲ್ಯೂ ಡಯಾಗ್ನಾಸ್ಟಿಕ್ಸ್’ ಆದೇಶದ ಮೂಲಕ ಅದನ್ನು ಖಚಿತಪಡಿಸಿಕೊಳ್ಳಬಹುದು. ಕಡತದಲ್ಲಿ ವೇಳೆಯು ಅಂತಾರಾಷ್ಟ್ರೀಯ ಪ್ರಮಾಣ ಸಮಯದಲ್ಲಿರುತ್ತದೆ. ನಮ್ಮ ಬೆಳಗಿನ 9:30 ಅಲ್ಲಿ 4:00 ಎಂದು ಕಾಣುತ್ತದೆ. ಇದನ್ನು ತಪ್ಪೆಂದು ತಿಳಿದು ತಿದ್ದಬಾರದು.

ವಿಸರ್ಜನೆ

‘ಸುಡೊ ಆಪ್ಟ್ ರಿಮೂವ್ ಟೈಮ್‌ವಾರಿಯರ್’ ಎಂದರೆ ತಂತ್ರಾಂಶ ಹೋಗುತ್ತದೆ. ‘ರಿಮೂವ್’ ಬದಲು ‘ಪರ್ಜ್’ ಎಂದರೆ ಗಣಕವ್ಯವಸ್ಥೆಯ ಮಟ್ಟದ ಹೊಂದಾಣಿಕೆಯ ಕಡತಗಳೂ ಹೋಗುತ್ತವೆ. ಎರಡರಿಂದಲೂ ಗಂಟೆಗಳ ದಾಖಲೆ ಅಳಿಯುವುದಿಲ್ಲ. ಮರುಸ್ಥಾಪಿಸಿದರೆ ಹಳೆಯ ಲೆಕ್ಕ ಮತ್ತೆ ದೊರೆಯುತ್ತದೆ. ಆದರೆ ನೌಕರನು ಕೆಲಸ ಬಿಟ್ಟಾಗ ಅವನ ಖಾತೆಯನ್ನು ಕಡತಕೋಶ ಸಮೇತ ತೆಗೆದುಹಾಕಿದರೆ, ಅಥವಾ ಗಣಕವನ್ನು ಫಾರ್ಮ್ಯಾಟ್ ಮಾಡಿ ಮಾರಿದರೆ, ಎಲ್ಲವೂ ನಷ್ಟವಾಗುತ್ತದೆ. ಇದೇ ರೀತಿ, ಗ್ರಾಹಕರ ಹೆಸರುಗಳಿರುವ ಹಳೆಯ ಗಣಕವನ್ನು ತಂತ್ರಾಂಶ ಮಾತ್ರ ತೆಗೆದು ಬೇರೆಯವರಿಗೆ ಕೊಟ್ಟರೆ ವ್ಯವಹಾರದ ಗುಟ್ಟು ಅವರ ಕೈಸೇರುತ್ತದೆ.

ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಲೇಸು:

1. ‘ಟೈಮ್‌ಡಬ್ಲ್ಯೂ ಎಕ್ಸ್‌ಪೋರ್ಟ್’ ಆದೇಶದ ಫಲಿತಾಂಶವನ್ನು ಒಂದು ಕಡತದಲ್ಲಿ ಉಳಿಸಿ, ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು.
2. ಆ ನಕಲು ತೆರೆಯುವುದೇ ಎಂದು ಮತ್ತೊಂದು ಗಣಕದಲ್ಲಿ ಪರೀಕ್ಷಿಸುವುದು.
3. ಅನಂತರ ತಂತ್ರಾಂಶವನ್ನು ತೆಗೆಯುವುದು.
4. ಗಣಕವು ಪರರ ಪಾಲಾಗುವುದಿದ್ದರೆ ಮಾತ್ರ ಕೊನೆಯದಾಗಿ ದಾಖಲೆಯನ್ನೂ ಅಳಿಸುವುದು. ಟರ್ಮಿನಲ್ಲಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಇಲ್ಲವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಕಡತಗಳು ಸಾದಾ ಅಕ್ಷರರೂಪದಲ್ಲಿದ್ದು, ಆ ಖಾತೆಯನ್ನು ಬಳಸುವವರು ಸುಲಭವಾಗಿ ತಿದ್ದಬಹುದು. ಆದ್ದರಿಂದ ಇವು ವೇತನ ವಹಿ ಅಥವಾ ಹಾಜರಿ ಪುಸ್ತಕಕ್ಕೆ ಬದಲಿಯಾಗಲಾರವು. ತಿಂಗಳ ಗೋಷ್ವಾರೆಯನ್ನು ಮುದ್ರಿಸಿ, ಸಹಿ ಪಡೆದು, ಬಿಲ್ಲಿನ ಕಚೇರಿ ಪ್ರತಿಯೊಡನೆ ಇರಿಸಬೇಕು. ಕಂಪನಿಗಳ ಕಾಯಿದೆ, 2013ರ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನೂ ಸಂಬಂಧಪಟ್ಟ ವೋಚರುಗಳನ್ನೂ ಕನಿಷ್ಠ 8 ಆರ್ಥಿಕ ವರ್ಷಗಳ ಕಾಲ ಕಾಪಾಡತಕ್ಕದ್ದು. ಗಣಕವೊಂದು ಅಷ್ಟು ಕಾಲ ಬಾಳುವುದು ಅಪರೂಪ. ತಂತ್ರಾಂಶವನ್ನು ಬೇಕಾದಾಗ ತೆಗೆಯಬಹುದು, ಮತ್ತೆ ಹಾಕಬಹುದು. ಕಳೆದುಹೋದ ಲೆಕ್ಕವನ್ನು ಮತ್ತೆ ಬರೆಯಲಾಗದು ಎಂಬುದನ್ನು ಸದಸ್ಯ ಬಾಂಧವರು ಗಮನದಲ್ಲಿಡಬೇಕಾಗಿ ವಿನಂತಿ.